ಹಗಲೆಲ್ಲ ಕುಣಿಯುವ ಕಾಲು ರಾತ್ರಿ ಯಾಕೆ ನೋಯುತ್ತದೆ?

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ ಐದು ವರ್ಷ ತುಂಬಿ ನಾಲ್ಕು ತಿಂಗಳಾಯಿತು. ತೂಕ 16 ಕೆ.ಜಿ. ದಸರಾ ಮುಗಿದ ಮೇಲೆ ಈ ತ್ರಾಸು ಶುರುವಾಗಿದೆ. ವಾರದಲ್ಲಿ ಎರಡು ಮೂರು ರಾತ್ರಿ, ಹನ್ನೊಂದರ ಸುಮಾರಿಗೆ ಎದ್ದು ಕೂತು "ಯವ್ವಾ, ಕಾಲು ನೋಯಾಕತ್ಯಾವ, ಒತ್ತು ಬೇ" ಅಂತ ಅಳುತ್ತಾನೆ. ಎಲ್ಲಿ ಅಂದರೆ ಒಂದು ದಿನ ಮೊಣಕಾಲಿನ ಕೆಳಗಿನ ಎಲುಬು ತೋರಿಸುತ್ತಾನೆ, ಒಂದು ದಿನ ಮೀನಖಂಡ, ಒಂದು ದಿನ ತೊಡೆ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು, ಜಾಸ್ತಿ ಸಲ ಎರಡೂ. ಎಣ್ಣೆ ಹಚ್ಚಿ ಕಾಲು ತಾಸು ಒತ್ತಿದರೆ ಮಲಗುತ್ತಾನೆ. ಬೆಳಿಗ್ಗೆ ಏನೂ ಆಗದವನಂತೆ ಕಟ್ಟೆಯ ಮೇಲಿಂದ ಹಾರುತ್ತಾನೆ. ಅದಕ್ಕೇ ನಮ್ಮ ಮನೆಯವರು "ಅವ ನಾಟಕ ಮಾಡ್ತಾನ, ನೀ ಮುದ್ದು ಮಾಡಿ ಕೆಡಿಸೀದಿ" ಅನ್ನುತ್ತಾರೆ. ನಮ್ಮ ಅತ್ತೆಯವರು ದೃಷ್ಟಿಯಾಗಿದೆ, ಬರೆ ಹಾಕಿಸಿದರೆ ಹೋಗುತ್ತದೆ ಅನ್ನುತ್ತಾರೆ. ಪೇಟೆಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ರಕ್ತ ತೆಗೆಸಿದರು. ಎಎಸ್‌ಓ 320 ಬಂದಿದೆ, 200ರ ಒಳಗಿರಬೇಕಂತೆ. ಇದು ಕೀಲುವಾತ, ಮುಂದೆ ಹೃದಯಕ್ಕೆ ಹೋಗುತ್ತದೆ, 21 ದಿನಕ್ಕೊಂದು ಇಂಜೆಕ್ಷನ್ ವರ್ಷಗಟ್ಟಲೆ ಹಾಕಿಸಬೇಕು ಅಂದಿದ್ದಾರೆ. ಇನ್ನೂ ಹಾಕಿಸಿಲ್ಲ. ಇನ್ನೊಂದು ಹೆದರಿಕೆ ಇದೆ. ನಮ್ಮ ಮಾವನವರಿಗೆ ಬೆನ್ನು ಬಗ್ಗುವುದಿಲ್ಲ. ಕುತ್ತಿಗೆ ತಿರುಗಿಸಬೇಕಾದರೆ ಮೈಯೇ ತಿರುಗಿಸುತ್ತಾರೆ. ಬೋರಿನ ನೀರಿನ ಫ್ಲೋರೈಡ್ ಅಂತಾರೆ. ಮಗನಿಗೂ ಅದೇ ಹತ್ತಿತೇನು? ನನಗೆ ರಾತ್ರಿ ನಿದ್ದೆ ಇಲ್ಲ.
— ಒಬ್ಬ ತಾಯಿ, ಕೊಪ್ಪಳ ಜಿಲ್ಲೆ

ಉತ್ತರ: ತಂಗಿ, ನಿಮಗೆ ಬೇಕಾದ ಉತ್ತರ ಮುಕ್ಕಾಲು ಪಾಲು ನಿಮ್ಮ ಪತ್ರದಲ್ಲೇ ಇದೆ. ಗಂಡನ ಮೇಲಿನ ಸಿಟ್ಟಿನಲ್ಲಿ ಬರೆದುಬಿಟ್ಟಿದ್ದೀರಿ, ಅಷ್ಟೇ. "ಬೆಳಿಗ್ಗೆ ಏನೂ ಆಗದವನಂತೆ ಕಟ್ಟೆಯ ಮೇಲಿಂದ ಹಾರುತ್ತಾನೆ." ಆ ಒಂದು ಸಾಲು ಓದಿ ನನಗೆ ಅರ್ಧ ಸಮಾಧಾನವಾಯಿತು. ನಿಮ್ಮ ಯಜಮಾನರಿಗೆ ಅದೇ ಸಾಲು ನಾಟಕದ ಸಾಕ್ಷಿಯಾಗಿ ಕಂಡಿದೆ.

ಅವರಿಗೆ ಒಂದು ಮಾತು ಹೇಳಿ. ಐದು ವರ್ಷದ ಹುಡುಗ ನಾಟಕ ಮಾಡುವುದೇ ಆದರೆ ಬೆಳಿಗ್ಗೆ ಎಂಟು ಗಂಟೆಗೆ ಮಾಡುತ್ತಾನೆ, ಶಾಲೆಯ ಆಟೋ ಬರುವ ಹೊತ್ತಿಗೆ. ಗಾಢ ನಿದ್ದೆಯಿಂದ ರಾತ್ರಿ ಹನ್ನೊಂದಕ್ಕೆ ಎದ್ದು ಕೂತು ಯಾರೂ ನಾಟಕ ಮಾಡುವುದಿಲ್ಲ. ನೋವು ನಿಜವೇ. ಆದರೆ ನೋವು ನಿಜ ಅಂದ ಮಾತ್ರಕ್ಕೆ ಒಳಗೆ ದೊಡ್ಡ ಕಾಯಿಲೆ ಇರಬೇಕು ಅಂತೇನೂ ಇಲ್ಲ.

ನೀವು ಬರೆದಿರುವುದನ್ನು ನಾವು ಬೆಳವಣಿಗೆಯ ನೋವು ಅನ್ನುತ್ತೇವೆ. ಮೂರು ವರ್ಷದಿಂದ ಹನ್ನೆರಡರವರೆಗಿನ ಮಕ್ಕಳಲ್ಲಿ ಬರುತ್ತದೆ. ಸಂಜೆ ಇಲ್ಲವೇ ರಾತ್ರಿ ಕಾಣಿಸಿಕೊಳ್ಳುತ್ತದೆ. ಕೀಲಿನಲ್ಲಿ ಅಲ್ಲ, ಎರಡು ಕೀಲುಗಳ ನಡುವಿನ ಮಾಂಸದಲ್ಲಿ, ಅಂದರೆ ಮೀನಖಂಡ, ತೊಡೆಯ ಮುಂಭಾಗ, ಮೊಣಕಾಲಿನ ಹಿಂದೆ. ಎರಡೂ ಕಾಲಿಗೆ, ಇಲ್ಲವೇ ಒಂದು ದಿನ ಇದಕ್ಕೆ, ಒಂದು ದಿನ ಅದಕ್ಕೆ. ಕೆಲವು ದಿನ ಬಂದು, ವಾರಗಟ್ಟಲೆ ಮಾಯವಾಗಿ, ಮತ್ತೆ ಬರುತ್ತದೆ. ಬೆಳಗಾದರೆ ಗುರುತೇ ಇರುವುದಿಲ್ಲ.

ಹೆಸರು ಮಾತ್ರ ತಪ್ಪು. 1823ರಲ್ಲಿ ಫ್ರಾನ್ಸಿನ ವೈದ್ಯರೊಬ್ಬರು ಇಟ್ಟ ಹೆಸರು ಇದು, ಇನ್ನೂ ಅಂಟಿಕೊಂಡಿದೆ. ಮಗು ಎಲ್ಲಕ್ಕಿಂತ ಜೋರಾಗಿ ಬೆಳೆಯುವುದು ಮೊದಲ ವರ್ಷದಲ್ಲಿ. ಆಗ ಸುಮಾರು 25 ಸೆಂ.ಮೀ. ಬೆಳೆಯುತ್ತದೆ, ಆದರೆ ಯಾವ ಕೂಸೂ ಕಾಲು ನೋವು ಅಂತ ಅಳುವುದಿಲ್ಲ. ನಿಮ್ಮ ಮಗನ ವಯಸ್ಸಿನಲ್ಲಿ ವರ್ಷಕ್ಕೆ ಆರು ಸೆಂ.ಮೀ. ಬೆಳೆದರೆ ದೊಡ್ಡದು. ಲೆಕ್ಕ ಹಾಕಿ ನೋಡಿ, ಆರು ದಿನಕ್ಕೆ ಒಂದು ಮಿ.ಮೀ. ಅದಕ್ಕೆ ಎಲುಬು ನೋಯುತ್ತದಾ? ಕಾರಣ ಇನ್ನೂ ಯಾರಿಗೂ ಪೂರ್ತಿ ಸಿಕ್ಕಿಲ್ಲ. ದಿನವೆಲ್ಲ ಓಡಿ ದಣಿದ ಕಾಲು, ಕೆಲವು ಮಕ್ಕಳಲ್ಲಿ ನೋವು ಬೇಗ ತಟ್ಟುವ ಗುಣ, ತುಂಬಾ ಸಡಿಲವಾಗಿರುವ ಕೀಲು, ಹೀಗೆ ಒಂದಿಷ್ಟು ಕಾರಣ ಹೇಳುತ್ತಾರೆ. ಮನೆತನದಲ್ಲಿ ಬರುವುದೂ ಉಂಟು. ನಿಮ್ಮ ಅತ್ತೆಯವರನ್ನು ಸುಮ್ನೆ ಕೇಳಿ ನೋಡಿ, ನಿಮ್ಮ ಯಜಮಾನರು ಚಿಕ್ಕವರಿದ್ದಾಗ ಕಾಲು ಒತ್ತಿಸಿಕೊಂಡಿದ್ದರಾ ಅಂತ. ಈ ಪ್ರಶ್ನೆಯಿಂದ ಎಷ್ಟೋ ಮನೆಗಳ ಜಗಳ ಬಗೆಹರಿದಿದೆ!

ಈ ನೋವಿಗೆ ನಾನೂ ಹೆದರಿದವಳೇ. ಬಳ್ಳಾರಿಯಲ್ಲಿ ಕೆಲಸಕ್ಕಿದ್ದಾಗ ನನ್ನ ಮಗಳಿಗೆ ನಾಲ್ಕು ವರ್ಷ. ಒಂದು ರಾತ್ರಿ ಎದ್ದು ಕಾಲು ಹಿಡಿದುಕೊಂಡು ಕಿರುಚಿದಳು. ಮಕ್ಕಳ ರಕ್ತದ ಕ್ಯಾನ್ಸರ್ ಕಾಲು ನೋವಿನಿಂದ ಶುರುವಾಗಬಹುದು ಅಂತ ಓದಿದವಳು ನಾನು. ಓದಿದ್ದೇ ತಪ್ಪಾಯಿತು ನೋಡಿ. ಬೆಳಗಾಗುವುದರೊಳಗೆ ಎರಡೂ ಕಾಲಿನ ಎಕ್ಸ್‌ರೇ ತೆಗೆಸಿ, ರಕ್ತ ತೆಗೆಸಿ, ಆ ಮಗುವಿನ ಎರಡೂ ಕೈಗೆ ಸೂಜಿ ಚುಚ್ಚಿಸಿದ್ದೆ. ಬೆಳಿಗ್ಗೆ ನಮ್ಮ ಗುರುಗಳ ಮುಂದೆ ಫಿಲ್ಮ್ ಹಿಡಿದುಕೊಂಡು ನಿಂತೆ. ಅವರು ಫಿಲ್ಮ್ ನೋಡಲೇ ಇಲ್ಲ. ವಾರ್ಡಿನ ಉದ್ದ ಪಡಸಾಲೆ ತೋರಿಸಿ "ಆ ತುದಿಯ ತನಕ ಕುಂಟಾಬಿಲ್ಲೆ ಆಡ್ಕೋತ ಹೋಗಿ ಬಾ ಪುಟ್ಟಿ" ಅಂದರು. ಹೋದಳು. ಬರುವಾಗ ಕಾಲು ಬದಲಿಸಿ ಬಂದಳು. "ಒಂಟಿಗಾಲಲ್ಲಿ ಇಷ್ಟು ದೂರ ಹಾರುವ ಹುಡುಗಿಯ ಎಲುಬಲ್ಲಿ ಏನು ಇರ್ತದ ಡಾಕ್ಟರೇ?" ಅಂದರು. ಮಗಳ ಕೈಯ ಹತ್ತಿ ಕಿತ್ತು ಬಿಸಾಕಿ, ಅಲ್ಲೇ ಇದ್ದ ನರ್ಸ್ ಕೈಯಲ್ಲಿ ಒಂದು ಚಾಕಲೇಟ್ ತರಿಸಿ ಅವಳಿಗೆ ಕೊಟ್ಟರು. ನನಗೆ ಮಾತ್ರ ಏನೂ ಸಿಗಲಿಲ್ಲ.

ಹಾಗಾಗಿ ನೀವು ಮಗನನ್ನು ರಾತ್ರಿ ನೋಡಬೇಡಿ, ಹಗಲು ನೋಡಿ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಚಡ್ಡಿ ಮೇಲೆ ನಿಲ್ಲಿಸಿ. ತುದಿಗಾಲಲ್ಲಿ ನಡೆಸಿ, ಹಿಮ್ಮಡಿಯಲ್ಲಿ ನಡೆಸಿ. ಒಂದೊಂದೇ ಕಾಲಲ್ಲಿ ಹತ್ತು ಸಲ ಹಾರಿಸಿ. ಕುಕ್ಕರಗಾಲಲ್ಲಿ ಕೂತು, ಕೈ ಊರದೆ ಏಳಲಿ. ಚಕ್ಕಳಮಕ್ಕಳ ಹಾಕಿ ಕೂರಲಿ, ಎರಡೂ ಮೊಣಕಾಲು ನೆಲಕ್ಕೆ ಒಂದೇ ಸಮ ಬಾಗುತ್ತವಾ ನೋಡಿ. ಎರಡೂ ತೊಡೆ, ಎರಡೂ ಮೀನಖಂಡ ದಪ್ಪದಲ್ಲಿ ಒಂದೇ ಥರ ಇವೆಯಾ ನೋಡಿ. ಎಲುಬಿನ ಮೇಲೆ ಹೆಬ್ಬೆರಳಿಂದ ಒತ್ತಿ, ಮುಖ ಕಿವುಚುತ್ತಾನಾ ಗಮನಿಸಿ. ಇದನ್ನೆಲ್ಲ ಆಟದ ಥರ ಮಾಡಿಸಿ. ಪರೀಕ್ಷೆ ಅಂತ ಗೊತ್ತಾದರೆ ಈ ಮಕ್ಕಳು ಬೇಕಂತಲೇ ಕುಂಟುತ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ ಇನ್ನೊಂದು ಮಾತು "ಒತ್ತು ಬೇ". ಕೀಲು ಬಾತಿದ್ದರೆ, ಎಲುಬಿನಲ್ಲಿ ಸೋಂಕು ಇದ್ದರೆ, ಮಗು ಮುಟ್ಟಗೊಡುವುದಿಲ್ಲ. ಹೊದಿಕೆ ತಾಗಿದರೂ ಚೀರುತ್ತದೆ. ಒತ್ತು ಅಂತ ಕಾಲು ನಿಮ್ಮ ತೊಡೆಯ ಮೇಲೆ ತಂದು ಇಟ್ಟನಲ್ಲ, ಅದು ಒಳ್ಳೆಯ ಗುರುತು.

ಈಗ ಇಂಜೆಕ್ಷನ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಯಜಮಾನರಿಗೂ ಓದಿ ಹೇಳಿ. ಎಎಸ್‌ಓ ಅಂದರೆ ಕಾಯಿಲೆಯ ಅಳತೆ ಅಲ್ಲ. ಸ್ಟ್ರೆಪ್ಟೊಕಾಕಸ್ ಅನ್ನುವ ಒಂದು ರೋಗಾಣು ಇದೆ. ಅದು ಗಂಟಲಿಗೆ ಬಂದು ಹೋದರೆ ಮೈ ಅದರ ವಿರುದ್ಧ ಹೋರಾಡಿದ ಗುರುತು ರಕ್ತದಲ್ಲಿ ಉಳಿಯುತ್ತದೆ. ಆ ಗುರುತೇ ಎಎಸ್‌ಓ. ಗಂಟಲು ನೋವು ಬಂದ ಮೂರರಿಂದ ಆರು ವಾರದಲ್ಲಿ ಏರಿ, ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಗಂಟಲು ನೋವು ಬರದೆ ಇರುತ್ತದಾ? ನಿಮ್ಮ ಮಗನ ಕ್ಲಾಸಿನ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ರಕ್ತ ತೆಗೆದರೆ, ಕಾಲು ನೋವೇ ಇಲ್ಲದ ಎಷ್ಟೋ ಮಕ್ಕಳಲ್ಲೂ 200 ದಾಟಿರುತ್ತದೆ. ಲ್ಯಾಬಿನ ಚೀಟಿಯಲ್ಲಿ ಅಚ್ಚಾದ ಆ 200 ದೊಡ್ಡವರ ಗೆರೆ.

ಆ ಡಾಕ್ಟರು ಹೆದರಿದ ಕಾಯಿಲೆ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ರುಮ್ಯಾಟಿಕ್ ಜ್ವರ ಅಂತ ಇದೆ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಬರುತ್ತದೆ, ಹೃದಯದ ಕವಾಟ ಕೆಡಿಸುತ್ತದೆ. ಅದಕ್ಕೆ 21 ದಿನಕ್ಕೊಮ್ಮೆ ಹಾಕುವ ಪೆನ್ಸಿಲಿನ್ ಜೀವ ಉಳಿಸುವ ಔಷಧ. ಕವಾಟ ಕೆಟ್ಟ ಮೇಲೆ ಬಂದ ಮಕ್ಕಳನ್ನು ನಾನು ನೋಡಿದ್ದೇನೆ, ಮೆಟ್ಟಿಲು ಹತ್ತಲಾಗದೆ ಅಪ್ಪನ ಹೆಗಲ ಮೇಲೆ ಬರುತ್ತಿದ್ದರು. ಆದರೆ ಅದರ ನೋವೇ ಬೇರೆ. ಗಂಟಲು ನೋವಾಗಿ ಎರಡು ಮೂರು ವಾರದ ಮೇಲೆ ಜ್ವರ ಬರುತ್ತದೆ. ಮೊಣಕಾಲು ಬಾತು, ಕೆಂಪಾಗಿ, ಬಿಸಿಯಾಗುತ್ತದೆ. ಅದು ಇಳಿಯುತ್ತಿದ್ದಂತೆ ಕಾಲಿನ ಗಿಣ್ಣು ಹಿಡಿಯುತ್ತದೆ, ಆಮೇಲೆ ಮೊಣಕೈ. ಹಗಲೂ ನೋವು, ರಾತ್ರಿಯೂ ನೋವು. ಮಗು ಹಾಸಿಗೆ ಬಿಟ್ಟು ಏಳುವುದಿಲ್ಲ, ಕಟ್ಟೆ ಹಾರುವುದಂತೂ ದೂರದ ಮಾತು.

ಆದ್ದರಿಂದ ಹೀಗೆ ಮಾಡಿ. ಇಂಜೆಕ್ಷನ್ ಶುರು ಮಾಡುವ ಮೊದಲು ಕೊಪ್ಪಳ ಇಲ್ಲವೇ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಚೀಟಿಗಳನ್ನೆಲ್ಲ ಹಿಡಿದುಕೊಂಡು ಹೋಗಿ. ಹೃದಯದ ಬಡಿತದಲ್ಲಿ ಬೇರೆ ಶಬ್ದ ಇದೆಯಾ ಕೇಳಿಸಿ ನೋಡುತ್ತಾರೆ. ಅನುಮಾನ ಬಂದರೆ ಎಕೋ ಮಾಡಿಸುತ್ತಾರೆ, ಅದು ಹೊಟ್ಟೆಯ ಸ್ಕ್ಯಾನಿಂಗ್ ಥರವೇ, ನೋವಿಲ್ಲ. ಬರೀ ಒಂದು ಎಎಸ್‌ಓ ಅಂಕಿ ಹಿಡಿದುಕೊಂಡು ವರ್ಷಗಟ್ಟಲೆ ಮಗುವಿನ ಕುಂಡಿಗೆ ಆ ದಪ್ಪ ಸೂಜಿ ಚುಚ್ಚಿಸುವುದು ಬೇಡ. ಇದನ್ನು ಓದುತ್ತಿರುವ ಬೇರೆ ತಾಯಂದಿರಿಗೂ ಹೇಳುತ್ತೇನೆ. ನಿಮ್ಮ ಮಗುವಿಗೆ ಈಗಾಗಲೇ ಈ ಇಂಜೆಕ್ಷನ್ ನಡೆಯುತ್ತಿದ್ದರೆ, ಈ ಅಂಕಣ ಓದಿ ಬಿಡಿಸಬೇಡಿ. ಯಾಕೆ ಶುರು ಮಾಡಿದರು ಅಂತ ಮೊದಲು ಕೇಳಿ ತಿಳಿದುಕೊಳ್ಳಿ.

ನೀರಿನ ವಿಷಯಕ್ಕೆ ಬರೋಣ. ನಿಮ್ಮ ಹೆದರಿಕೆ ಸುಳ್ಳಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಜಾಸ್ತಿ. ನೆಲದಡಿಯ ಕಲ್ಲಿನಲ್ಲೇ ಅದು ಇದೆ. ಕೊರೆದಷ್ಟೂ ಆಳದಲ್ಲಿ, ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತ ನೀರಿಗೆ ಬಿಡುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಇಲ್ಲಿಂದ ಬಹಳ ದೂರವೇನಲ್ಲ, ಆಂಧ್ರದ ನೆಲ್ಲೂರು ಕಡೆ, 1937ರಲ್ಲಿ.

ಆದರೆ ಫ್ಲೋರೈಡ್ ಹೀಗೆ ಬಂದು ಹೀಗೆ ಹೋಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ನೋಯಿಸಿ, ಬೆಳಿಗ್ಗೆ ಕುಣಿಯಲು ಬಿಡುವುದಿಲ್ಲ. ವರ್ಷಗಟ್ಟಲೆ ಎಲುಬಿನಲ್ಲಿ ಕೂಡುತ್ತಾ ಹೋಗಿ ಬೆನ್ನು, ಕುತ್ತಿಗೆ, ಸೊಂಟ ಬಿಗಿಯುತ್ತದೆ. ಬಹಳ ಜಾಸ್ತಿ ಇದ್ದ ಕಡೆ ಊಟದಲ್ಲಿ ಸುಣ್ಣದ ಅಂಶವೂ ಕಡಿಮೆಯಾದರೆ ಮಕ್ಕಳ ಮೊಣಕಾಲು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವುದುಂಟು. ಅದು ಕಣ್ಣಿಗೆ ಕಾಣುತ್ತದೆ. ಮಕ್ಕಳಲ್ಲಿ ಮೊದಲು ಗೊತ್ತಾಗುವುದು ಹಲ್ಲಿನಲ್ಲಿ. ನಿಮ್ಮ ಮಗನಿಗೆ ಇನ್ನೂ ಹಾಲುಹಲ್ಲು, ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆರು ಏಳು ವರ್ಷಕ್ಕೆ ಬರುವ ಮುಂದಿನ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಗೆರೆ, ಆಮೇಲೆ ಹಳದಿ, ಕಂದು ಪಟ್ಟಿ ಕಾಣುತ್ತದೆ. ಊರಿನ ಶಾಲೆಯ ದೊಡ್ಡ ಮಕ್ಕಳು ನಕ್ಕಾಗ ಒಮ್ಮೆ ನೋಡಿ. ನಿಮ್ಮ ಬೋರಿನ ನೀರು ಎಂಥದು ಅಂತ ಆ ಹಲ್ಲುಗಳೇ ಹೇಳುತ್ತವೆ.

ಹಳ್ಳಿಗಳಲ್ಲಿ ತಪಾಸಣೆ ಮಾಡುವಾಗ ನಾವು ಒಂದು ಸುಲಭ ಪರೀಕ್ಷೆ ಮಾಡಿಸುತ್ತಿದ್ದೆವು. ನೆಲದ ಮೇಲೆ ಒಂದು ನಾಣ್ಯ ಇಡುವುದು. ಮೊಣಕಾಲು ಮಡಚದೆ ಬಗ್ಗಿ ಅದನ್ನು ಎತ್ತಿಕೊಳ್ಳಬೇಕು. ಆಮೇಲೆ ಗದ್ದ ಎದೆಗೆ ಮುಟ್ಟಿಸಬೇಕು. ಎರಡೂ ಕೈ ತಲೆಯ ಹಿಂದೆ ಜೋಡಿಸಬೇಕು. ನಿಮ್ಮ ಮಗ ಮೂರನ್ನೂ ನಗುತ್ತಾ ಮಾಡುತ್ತಾನೆ, ನಾಣ್ಯ ವಾಪಸ್ ಕೊಡುವುದಿಲ್ಲ ಅಷ್ಟೇ. ನಿಮ್ಮ ಮಾವನವರಿಗೆ ಮಾಡಿಸಿ. ನೀವು ಬರೆದಿದ್ದು ನೋಡಿದರೆ ಆಗಲಿಕ್ಕಿಲ್ಲ. ಆಸ್ಪತ್ರೆಗೆ ಹೋಗಬೇಕಾದವರು ಅವರು, ತಂಗಿ. ಮೊಮ್ಮಗನನ್ನು ಕೊಪ್ಪಳಕ್ಕೆ ಕರೆದುಕೊಂಡು ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ, ಎಲುಬಿನ ವಿಭಾಗದಲ್ಲಿ ತೋರಿಸಿ. ಕೈಕಾಲು ಜೋಮು ಹಿಡಿಯುತ್ತದಾ, ನಡೆಯುವಾಗ ತೊಡರುತ್ತದಾ ಅಂತ ಕೇಳಿ. ಅದು ಇದ್ದರೆ ತಡ ಮಾಡಬೇಡಿ.

ಮನೆಯಲ್ಲಿ ಮಾತ್ರ ಎಲ್ಲರಿಗೂ ಇಂದಿನಿಂದಲೇ ನೀರು ಬದಲಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದಿದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ನೀರು, ನದಿ ನೀರಿನ ನಲ್ಲಿ ಇದ್ದರೆ ಅದು, ಇಲ್ಲವೇ ಚೆನ್ನಾಗಿ ಹಿಡಿದಿಟ್ಟ ಮಳೆ ನೀರು. ಕುಡಿಯುವುದಕ್ಕೆ ಅಷ್ಟೇ ಅಲ್ಲ, ಬೇಳೆ ಬೇಯಿಸುವುದಕ್ಕೆ, ಚಹಾಕ್ಕೆ, ರೊಟ್ಟಿ ಹಿಟ್ಟು ನಾದುವುದಕ್ಕೂ ಅದೇ ಬಳಸಿ. ಇದನ್ನು ಜನ ಮರೆಯುತ್ತಾರೆ. ನೀರು ಪರೀಕ್ಷೆ ಮಾಡುವ ಕಿಟ್ ಪಂಚಾಯಿತಿಗಳಿಗೆ ಕೊಟ್ಟಿದ್ದಾರೆ. ಜಲ ಜೀವನ ಮಿಷನ್ನಿನಲ್ಲಿ ಊರಿಗೆ ಐದು ಜನ ಹೆಣ್ಣುಮಕ್ಕಳಿಗೆ ಅದರ ತರಬೇತಿಯೂ ಉಂಟು. ಪಂಚಾಯಿತಿಗೆ ಹೋಗಿ "ನಮ್ಮ ಬೋರಿನದು ಎಷ್ಟು ಬಂದಿದೆ?" ಅಂತ ಅಂಕಿ ಕೇಳಿ. ನೀರು ಚೆನ್ನಾಗಿದೆ ಅನ್ನುವ ಮಾತು ಬೇಡ, ಅಂಕಿ ಬೇಕು. ಮಗ ಹಲ್ಲುಜ್ಜುವಾಗ ಪೇಸ್ಟ್ ಕಡಲೆಕಾಳಿನಷ್ಟು ಸಹ ಬೇಡ, ಬಟಾಣಿಗಿಂತ ಚಿಕ್ಕದು ಸಾಕು, ನುಂಗದೆ ಉಗುಳಲಿ.

ರಾತ್ರಿ ಏನು ಮಾಡಬೇಕು? ನೀವು ಮಾಡುತ್ತಿರುವುದನ್ನೇ. ಎಣ್ಣೆ ಯಾವುದಾದರೂ ನಡೆಯುತ್ತದೆ, ಕೊಬ್ಬರಿಯೋ ಎಳ್ಳೋ, ಕೆಲಸ ಮಾಡುವುದು ನಿಮ್ಮ ಕೈ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾಸುವವರು ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟು ನೋಡಿಕೊಳ್ಳಿ, ನಿದ್ದೆಗಣ್ಣಲ್ಲಿ ಮಗುವಿನ ಚರ್ಮ ಸುಟ್ಟ ಉದಾಹರಣೆ ಇದೆ. ಮಲಗುವ ಮೊದಲು ಐದು ಹತ್ತು ನಿಮಿಷ ಕಾಲು ಎಳೆಯುವ ಆಟ ಆಡಿಸಿ. ಅಂಗಾತ ಮಲಗಿಸಿ, ಮೊಣಕಾಲು ನೆಟ್ಟಗಿಟ್ಟು, ಪಾದವನ್ನು ಮೆಲ್ಲಗೆ ಮೂಗಿನ ಕಡೆಗೆ ತಳ್ಳಿ ಹತ್ತು ಎಣಿಸುವುದು. ನೆಟ್ಟಗಿನ ಕಾಲನ್ನು ಮೇಲೆತ್ತಿ ಹತ್ತು ಎಣಿಸುವುದು. ಬೋರಲು ಮಲಗಿಸಿ ಹಿಮ್ಮಡಿಯನ್ನು ಕುಂಡಿಗೆ ತಾಗಿಸುವುದು. ದಿನಾ ಮಾಡಿದ ಮಕ್ಕಳಲ್ಲಿ ನೋವಿನ ರಾತ್ರಿಗಳು ಕಡಿಮೆಯಾಗಿದ್ದನ್ನು ನೋಡಿದ್ದೇನೆ. ಎಣಿಸುವ ಕೆಲಸ ಅಪ್ಪನಿಗೆ ಕೊಡಿ.

ತೀರಾ ಅಳುವ ರಾತ್ರಿ ಪ್ಯಾರಾಸಿಟಮಾಲ್ ಕೊಡಬಹುದು. 16 ಕೆ.ಜಿ.ಗೆ ಒಂದು ಸಲಕ್ಕೆ ಸುಮಾರು 240 ಮಿ.ಗ್ರಾಂ. ಇಲ್ಲಿ ಬಾಟಲಿ ಓದಿ ಕೊಡಿ, ಯಾಕಂದರೆ ಅಂಗಡಿಯಲ್ಲಿ ಎರಡು ಥರದ ಸಿರಪ್ ಸಿಗುತ್ತದೆ. ಒಂದರಲ್ಲಿ 5 ಮಿ.ಲೀ.ಗೆ 120 ಇಲ್ಲವೇ 125 ಮಿ.ಗ್ರಾಂ, ಇನ್ನೊಂದರಲ್ಲಿ 250. ಮೊದಲನೆಯದಾದರೆ 10 ಮಿ.ಲೀ. ಮೀರಬಾರದು, ಎರಡನೆಯದಾದರೆ 5 ಮಿ.ಲೀ. ಮೀರಬಾರದು. ಅಳತೆಯ ಮುಚ್ಚಳದಲ್ಲಿ ಕೊಡಿ, ಅಡುಗೆ ಚಮಚ ಬೇಡ. ಮನೆಯಲ್ಲಿರುವ ದೊಡ್ಡವರ ನೋವಿನ ಮಾತ್ರೆಯನ್ನು ಅರ್ಧ ಮುರಿದು ಕೊಡಬೇಡಿ. ಆಸ್ಪಿರಿನ್ ಬೇಡವೇ ಬೇಡ. ನಿಮೆಸುಲೈಡ್ ಅನ್ನು ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ 2011ರಲ್ಲೇ ನಿಷೇಧ ಮಾಡಿದ್ದಾರೆ. ವಾರಕ್ಕೆ ಎರಡು ಮೂರು ಸಲಕ್ಕಿಂತ ಜಾಸ್ತಿ ಸಿರಪ್ ಬೇಕಾಗುತ್ತಿದ್ದರೆ ಅದು ಡಾಕ್ಟರಿಗೆ ತೋರಿಸುವ ಮಾತು.

ಕ್ಯಾಲ್ಸಿಯಂ ಟಾನಿಕ್ಕಿನಿಂದ ಈ ನೋವು ಹೋಗುವುದಿಲ್ಲ. ಆ ದುಡ್ಡಿಗೆ ಮೊಸರು ಕೊಳ್ಳಿ, ವಾರದಲ್ಲಿ ಎರಡು ದಿನ ರಾಗಿ ಮಾಡಿ. ಕೊಪ್ಪಳಕ್ಕೆ ಹೋದಾಗ ಹಿಮೋಗ್ಲೋಬಿನ್ ಮಾತ್ರ ನೋಡಿಸಿ, ಡಾಕ್ಟರಿಗೆ ಬೇಕೆನಿಸಿದರೆ ವಿಟಮಿನ್ ಡಿ. ಐದು ವರ್ಷ ದಾಟಿದ ಮಗುವಿಗೆ ಹಿಮೋಗ್ಲೋಬಿನ್ 11.5 ಇರಬೇಕು. ಕಬ್ಬಿಣದ ಅಂಶ ಕಡಿಮೆಯಾದರೂ ರಾತ್ರಿ ಕಾಲು ಚಡಪಡಿಸುತ್ತದೆ, ಅದನ್ನು ಮಕ್ಕಳು ನೋವು ಅಂತಲೇ ಹೇಳುತ್ತಾರೆ. ಶಾಲೆಯಲ್ಲಿ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತಾರೆ, ಅದನ್ನು ಜೇಬಿನಲ್ಲಿ ತಂದು ಕೋಳಿಗೆ ಹಾಕುತ್ತಾನಾ ವಿಚಾರಿಸಿ. ಪುಂಡಿಪಲ್ಲೆ ನಿಮ್ಮಲ್ಲಿ ಇದ್ದೇ ಇರುತ್ತದೆ, ಸಜ್ಜೆ ರೊಟ್ಟಿಯೂ ಒಳ್ಳೆಯದು. ಊಟದ ಹಿಂದೆಮುಂದೆ ಚಹಾ ಕೊಡಬೇಡಿ, ಕಬ್ಬಿಣ ಮೈಗೆ ಹತ್ತಗೊಡುವುದಿಲ್ಲ. ನಮ್ಮ ಕಡೆ ಮೂರು ವರ್ಷದ ಮಗುವಿಗೂ ಚಹಾದಲ್ಲಿ ಬ್ರೆಡ್ ಅದ್ದಿ ಕೊಡುತ್ತಾರೆ. ನಾನು ಹೇಳಿ ಹೇಳಿ ಸೋತ ಮಾತು ಇದು.

ಅತ್ತೆಯವರ ವಿಷಯ. ದೃಷ್ಟಿ ತೆಗೆಯಲಿ, ದಾರ ಕಟ್ಟಿಸಲಿ, ನನ್ನ ತಕರಾರಿಲ್ಲ. ಬರೆ ಮಾತ್ರ ಬೇಡ. ನೋವು ಹೇಗೂ ಬೆಳಗಿನ ಹೊತ್ತಿಗೆ ತಾನೇ ಹೋಗುತ್ತದೆ, ಬರೆ ಹಾಕಿದ ಮೇಲೆ ಹೋಯಿತು ಅಂತ ಹೆಸರು ಅದಕ್ಕೆ ಬರುತ್ತದೆ. ಗಾಯ ಕೀವಾಗಿ ಬಂದ ಮಕ್ಕಳಿಗೆ ಡ್ರೆಸ್ಸಿಂಗ್ ಮಾಡಿದವಳು ನಾನು. ಇದನ್ನು ಅತ್ತೆಯವರಿಗೆ ನೀವು ಹೇಳಬೇಡಿ, ಮಗನ ಬಾಯಿಂದ ಹೇಳಿಸಿ.

ಈಗ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ, ನಿಮಗೆ ಉಪಯೋಗವಾಗಲಿ ಅಂತ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಂದು ಆಸ್ಪತ್ರೆಗೆ ರಾಯಚೂರು ಕಡೆಯಿಂದ ಏಳು ವರ್ಷದ ಹುಡುಗನನ್ನು ಕರೆತಂದಿದ್ದರು. ಮೊಣಕಾಲು ನೋವು ಅಂದ. ಬಲ ಮೊಣಕಾಲಿನ ಎಕ್ಸ್‌ರೇ ತೆಗೆಸಿದೆ, ಏನೂ ಇರಲಿಲ್ಲ. ಬೆಳವಣಿಗೆಯ ನೋವು ಅಂತ ಹೇಳಿ ಕಳಿಸಿದೆ. ತಿಂಗಳಾದ ಮೇಲೆ ಅಪ್ಪ ಮತ್ತೆ ಬಂದರು. ಟವೆಲ್ ಕೈಯಲ್ಲಿ ಹಿಂಡುತ್ತಾ, ನನಗೆ ಬೇಸರವಾದೀತು ಅನ್ನುವ ಹಾಗೆ "ಮೇಡಂ, ಅವ ಸೈಕಲ್ ಒಂದೇ ಕಾಲಿಂದ ತುಳೀತಾನ್ರಿ" ಅಂದರು. ಹುಡುಗನನ್ನು ಮಲಗಿಸಿ ತೊಡೆ ತಿರುಗಿಸಿದೆ. ಎಡಗಾಲು ಸರಾಗ ತಿರುಗಿತು, ಬಲಗಾಲು ಅರ್ಧಕ್ಕೇ ನಿಂತಿತು. ಕಾಯಿಲೆ ಇದ್ದಿದ್ದು ಸೊಂಟದ ಕೀಲಿನಲ್ಲಿ. ತೊಡೆ ಎಲುಬಿನ ಮೇಲ್ತುದಿಯ ಗುಂಡನೆಯ ತಲೆಗೆ ರಕ್ತ ಹೋಗುವುದು ಕಡಿಮೆಯಾಗುವ ಪರ್ತಿಸ್ ಅನ್ನುವ ಕಾಯಿಲೆ, ನಾಲ್ಕರಿಂದ ಎಂಟು ವರ್ಷದ ಗಂಡುಮಕ್ಕಳಲ್ಲೇ ಜಾಸ್ತಿ. ಸೊಂಟದ ನೋವನ್ನು ಮಕ್ಕಳು ಮೊಣಕಾಲು ಅಂತ ತೋರಿಸುತ್ತಾರೆ. ನಾನು ಅವನು ತೋರಿಸಿದ ಜಾಗ ನೋಡಿದೆ, ಅವನು ನಡೆದು ಬಂದಿದ್ದನ್ನು ನೋಡಲಿಲ್ಲ. ಒಂದು ತಿಂಗಳು ಕಳೆದೆ. ಹುಡುಗ ಆಮೇಲೆ ಸುಧಾರಿಸಿದ, ಆದರೆ ಆ ಸೈಕಲ್ಲಿನ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಹಾಗಾಗಿ, ನೋವು ಯಾವಾಗಲೂ ಒಂದೇ ಕಾಲಿಗೆ, ಒಂದೇ ಜಾಗದಲ್ಲಿ ಬಂದರೆ ಕಾಯಬೇಡಿ. ಬೆಳಿಗ್ಗೆಯೂ ಕುಂಟಿದರೆ, ಎದ್ದ ಕೂಡಲೇ ಕೀಲು ಬಿಗಿಯಾಗಿದ್ದರೆ, ಬಾವು ಬಂದರೆ, ಆಟ ಬಿಟ್ಟು ಕೂತರೆ ಅದೇ ವಾರ ತೋರಿಸಿ. ಜ್ವರ ಬಿಡದಿದ್ದರೆ, ಮುಖ ಬಿಳಿಚಿಕೊಂಡರೆ, ತೂಕ ಇಳಿದರೆ, ಏಟು ಬೀಳದೆ ಮೈಮೇಲೆ ನೀಲಿ ಕಲೆ ಎದ್ದರೆ ಅದೇ ದಿನ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ರಾತ್ರಿಗೆ ಒಂದು ಗುರುತು ಹಾಕಿ, ಪಕ್ಕದಲ್ಲಿ ಎಡ, ಬಲ, ಎರಡೂ ಅಂತ ಬರೆಯಿರಿ. ಎರಡು ತಿಂಗಳ ಆ ಹಾಳೆಯನ್ನು ಹರಿದುಕೊಂಡು ಹೋಗಿ ಡಾಕ್ಟರ ಮುಂದೆ ಇಡಿ. ನನ್ನ ಕೇಳಿದರೆ ನಿಮ್ಮ ಕೈಯಲ್ಲಿರುವ ಆ ಎಎಸ್‌ಓ ಚೀಟಿಗಿಂತ ಅದು ಮೇಲು.

ಪ್ರಶ್ನೆ: ಮಗಳಿಗೆ ಏಳು ವರ್ಷ. ಎರಡೂ ಕೆನ್ನೆಯ ಮೇಲೆ ಬಿಳಿ ಮಚ್ಚೆ ಬಂದಿವೆ. ತುರಿಕೆ ಇಲ್ಲ. ಹುಳದ ಮಾತ್ರೆ ಎರಡು ಸಲ ಕೊಟ್ಟೆವು, ಹೋಗಲಿಲ್ಲ. ಬೀಗರ ಮನೆಯಲ್ಲಿ ಒಬ್ಬರು ತೊನ್ನು ಅಂದರು. ಹೆಣ್ಣುಮಗು, ಹೆದರಿಕೆಯಾಗಿದೆ.
— ಒಬ್ಬ ತಂದೆ, ಸಿಂಧನೂರು

ಉತ್ತರ: ಅಣ್ಣಾ, ಬೀಗರ ಮನೆಯವರು ಡಾಕ್ಟರಾಗಿದ್ದರೆ ನಮಗೆ ಕೆಲಸವೇ ಇರುತ್ತಿರಲಿಲ್ಲ. ಮಗಳನ್ನು ಬಾಗಿಲ ಬೆಳಕಿಗೆ ಕೂರಿಸಿ ಮಚ್ಚೆಯ ಅಂಚು ನೋಡಿ. ತೊನ್ನಾದರೆ ಹಾಲಿನಷ್ಟು ಬೆಳ್ಳಗೆ, ಗೆರೆ ಕೊರೆದಂತೆ ಅಂಚು ಇರುತ್ತದೆ. ಮಸುಕು ಮಸುಕಾಗಿ, ಅಂಚು ಎಲ್ಲಿ ಮುಗಿಯಿತು ಅಂತ ಗೊತ್ತಾಗದಂತೆ, ಬೆರಳಾಡಿಸಿದರೆ ಸ್ವಲ್ಪ ತರಿತರಿಯಾಗಿ, ಸಣ್ಣ ಹೊಟ್ಟಿನಂತೆ ಏಳುತ್ತಿದ್ದರೆ ಅದು ಒಣಚರ್ಮದ ಮಚ್ಚೆ. ಮಕ್ಕಳಲ್ಲಿ ಬಹಳ ಸಾಮಾನ್ಯ. ಹುಳಕ್ಕೂ ಇದಕ್ಕೂ ಸಂಬಂಧವಿಲ್ಲ. ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಶಾಲೆಯಲ್ಲಿ ಕೊಡುವ ಹುಳದ ಮಾತ್ರೆ ಸಾಕು, ಮಧ್ಯೆ ನೀವು ಕೊಡುವುದು ಬೇಡ. ನಿಮ್ಮ ಕಡೆಯ ಬಿಸಿಲಿಗೆ ಸುತ್ತಲಿನ ಚರ್ಮ ಕಪ್ಪಾಗುತ್ತದೆ, ಮಚ್ಚೆ ಕಪ್ಪಾಗುವುದಿಲ್ಲ. ಅದಕ್ಕೇ ಏಪ್ರಿಲ್, ಮೇನಲ್ಲಿ ಜಾಸ್ತಿಯಾದಂತೆ ಕಾಣುತ್ತದೆ.

ಕುಷ್ಠದ ಅನುಮಾನ ಯಾರಾದರೂ ಎತ್ತಿದರೆ, ಮಗಳ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮಚ್ಚೆಯ ಮೇಲೆ ಮೆಲ್ಲಗೆ ಮುಟ್ಟಿ, ಎಲ್ಲಿ ಮುಟ್ಟಿದೆ ಅಂತ ಬೆರಳಿಟ್ಟು ತೋರಿಸಲು ಹೇಳಿ. ಸರಿಯಾಗಿ ತೋರಿಸಿದರೆ ಹೆದರಿಕೆ ಕಡಿಮೆ, ಆದರೆ ಮುಖದ ಮಚ್ಚೆಯಲ್ಲಿ ಈ ಪರೀಕ್ಷೆಯೊಂದನ್ನೇ ಪೂರ್ತಿ ನಂಬಲಾಗದು. ತಪ್ಪಿದರೆ, ಮತ್ತೆ ಮಾಡಿದಾಗಲೂ ತಪ್ಪಿದರೆ, ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರಿಗೆ ತೋರಿಸಿ. ಅದಕ್ಕೂ ಪೂರ್ತಿ ಗುಣವಾಗುವ ಔಷಧ ಇದೆ, ಅಲ್ಲಿ ದುಡ್ಡಿಲ್ಲದೆ ಕೊಡುತ್ತಾರೆ.

ದಿನಕ್ಕೆರಡು ಸಲ ಕೊಬ್ಬರಿ ಎಣ್ಣೆ ಇಲ್ಲವೇ ವ್ಯಾಸಲೀನ್ ಹಚ್ಚಿ, ಮುಖಕ್ಕೆ ಸೋಪು ಕಡಿಮೆ ಮಾಡಿ. ಬಣ್ಣ ಕೂಡಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷವೇ ಆಗುತ್ತದೆ. ಅಲ್ಲಿಯವರೆಗೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಯಾವ ಕ್ರೀಮನ್ನೂ ತರಬೇಡಿ. ಹೀಗೆ ಕೈಗೆ ಸಿಗುವ ಟ್ಯೂಬುಗಳಲ್ಲಿ ಎಷ್ಟೋ ಸಲ ಜೋರಾದ ಸ್ಟೀರಾಯ್ಡ್ ಇರುತ್ತದೆ. ಮಗುವಿನ ಕೆನ್ನೆಯ ಚರ್ಮ ತೆಳ್ಳಗಾಗಿ, ಕೆಂಪು ನರ ಎದ್ದು ಕಾಣುತ್ತವೆ. ಈಗಾಗಲೇ ಒಂದು ಟ್ಯೂಬ್ ತಂದಿಟ್ಟಿದ್ದರೆ ಅದರ ಹೆಸರು ಬರೆದು ಕಳಿಸಿ.